ಮಡಚುವ ಫೋನಿನ ಬಳಕೆ ಕೈಪಿಡಿ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಆವೃತ್ತಿ



 ಮಡಚುವ ಫೋನಿನ ಪೆಟ್ಟಿಗೆಯೊಳಗೆ ಕಂಪನಿಯವರ ಕೈಪಿಡಿಯೂ ಒಂದಿದೆ. ಯಾರೂ ಓದುವುದಿಲ್ಲ ಎಂಬ ಭರವಸೆಯಿಂದಲೇ ಅದನ್ನು ಅಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ಓದಿದರೂ ಹಾನಿಯಿಲ್ಲ. ತಣ್ಣನೆಯ ಕೋಣೆಯಲ್ಲಿ, ಒಬ್ಬನೇ ಮನುಷ್ಯ, ತೊಳೆದ ಕೈಯಿಂದ ಫೋನು ಬಳಸುವ ಸಂದರ್ಭಕ್ಕೆ ಅದರಲ್ಲಿ ಹೇಳಿದ್ದೆಲ್ಲ ಸರಿಯಾಗಿಯೇ ಇದೆ. ಘಟಪ್ರಭೆಯ ದಂಡೆಯಲ್ಲಿ ಈ ಮೂರೂ ಒಟ್ಟಿಗೆ ಕೂಡಿಬರುವುದು ಅಪರೂಪ. ಆದ್ದರಿಂದ ಈ ಪುರವಣಿ. ಫೋನು ಬಿಚ್ಚುವ ಮುನ್ನ ಓದಿ. ಈಗಾಗಲೇ ಬಿಚ್ಚಿದ್ದರೆ ಕೊನೆಯ ಅಧ್ಯಾಯದಿಂದ ಹಿಂದಕ್ಕೆ ಓದಿ.

1. ಪೆಟ್ಟಿಗೆಯಲ್ಲಿ ಏನಿದೆ, ಏನಿಲ್ಲ

ಫೋನು ಒಂದು, ಕೇಬಲ್ ಒಂದು, ಸಿಮ್ ತೆಗೆಯುವ ಸೂಜಿ ಒಂದು. ಹಲವು ಕಂಪನಿಗಳ ಪೆಟ್ಟಿಗೆಯಲ್ಲಿ ಚಾರ್ಜರ್ ಇರುವುದಿಲ್ಲ, ಮನೆಯಲ್ಲಿರುವ ಹಳೆಯದನ್ನು ಹುಡುಕಿ. ಬೆಲೆ ಸಮರ್ಥಿಸಿಕೊಳ್ಳುವ ಧೈರ್ಯವೂ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಅದನ್ನು ನೀವೇ ತರಬೇಕು.

ಬೆಲೆಯ ಲೆಕ್ಕ ಹೀಗಿದೆ. 2025ರ ಜುಲೈನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಝಡ್ ಫೋಲ್ಡ್ 7ರ ಆರಂಭದ ಬೆಲೆ 1,74,999 ರೂಪಾಯಿ. ಅದೇ ವರ್ಷದ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಧರಣಿ ಕೂತರು. ಸರ್ಕಾರ 3,300ಕ್ಕೆ ತೀರ್ಮಾನ ಮಾಡಿತು. ಕೇಳಿದ ದರ ಸಿಕ್ಕಿದ್ದರೆ ಈ ಫೋನಿಗೆ ಸರಿಯಾಗಿ 50 ಟನ್ ಕಬ್ಬು ಸಾಕಾಗುತ್ತಿತ್ತು. ಕೊಟ್ಟ ದರದಲ್ಲಿ ಸುಮಾರು 53 ಟನ್ ಬೇಕು. ನಾಟಿ, ಗೊಬ್ಬರ, ನೀರು, ಕಟಾವಿನ ಟೋಳಿಗೆ ಕೊಟ್ಟದ್ದು ಇದರಲ್ಲಿ ಹಿಡಿದಿಲ್ಲ. ಈ ಲೆಕ್ಕವನ್ನು ಮನೆಯ ಹಿರಿಯರು ಕೂತಿರುವಾಗ ಗಟ್ಟಿಯಾಗಿ ಮಾಡಬೇಡಿ.

ಕಡಿಮೆ ದುಡ್ಡಿನ ದಾರಿಯೂ ಇದೆ. ಮಡಚುವ ಫೋನುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಪುಸ್ತಕದಂತೆ ಅಡ್ಡಕ್ಕೆ ತೆರೆದುಕೊಂಡು ದೊಡ್ಡ ಪರದೆಯಾಗುವಂಥದ್ದು. ಇನ್ನೊಂದು ಮೇಲಿಂದ ಕೆಳಕ್ಕೆ ಮುಚ್ಚಿಕೊಂಡು ಅರ್ಧ ಗಾತ್ರಕ್ಕೆ ಬರುವ ಫ್ಲಿಪ್. 2023ರಲ್ಲಿ ಟೆಕ್ನೋ ಕಂಪನಿ ಒಂದು ಫ್ಲಿಪ್ ಫೋನನ್ನು 49,999ಕ್ಕೆ ಇಲ್ಲಿನ ಮಾರುಕಟ್ಟೆಗೆ ಬಿಟ್ಟಿತ್ತು. ಆದರೆ ಗಮನಿಸಿ: ಫ್ಲಿಪ್ ತೆರೆದರೆ ಸಿಗುವುದು ಎಲ್ಲರ ಬಳಿ ಇರುವಷ್ಟೇ ದೊಡ್ಡ ಫೋನು. ಲಾಭವಾಗುವುದು ಕಿಸೆಗೆ, ಕಣ್ಣಿಗಲ್ಲ.

2. ಮೊದಲ ಎಚ್ಚರಿಕೆ: ಕೀಳಬೇಡಿ

ಹೊಸ ಟಿವಿ, ಹೊಸ ಫ್ರಿಜ್, ಹೊಸ ಬೈಕಿನ ಸೀಟು, ಯಾವುದೇ ಆಗಲಿ, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ವರ್ಷಗಟ್ಟಲೆ ಹಾಗೇ ಬಿಡುವುದು ನಮ್ಮಲ್ಲಿ ಹಲವರ ಪದ್ಧತಿ. ಈ ಒಂದು ಪದ್ಧತಿಗೆ ಮಡಚುವ ಫೋನಿನ ಲೋಕದಲ್ಲಿ ಬಹಳ ಮರ್ಯಾದೆಯಿದೆ.

2019ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ತನ್ನ ಮೊದಲ ಗ್ಯಾಲಕ್ಸಿ ಫೋಲ್ಡ್ ಫೋನನ್ನು ಅಮೆರಿಕದ ವಿಮರ್ಶಕರ ಕೈಗೆ ಕೊಟ್ಟಿತು. ಒಳಪರದೆಯ ಮೇಲಿದ್ದ ಹಾಳೆಯನ್ನು ಕೆಲವರು ಸಾಗಾಣಿಕೆಗೆ ಅಂಟಿಸಿದ್ದೆಂದು ತಿಳಿದು ಕಿತ್ತುಬಿಟ್ಟರು. ಅದು ಪರದೆಯದೇ ಒಂದು ಪದರ. ಪರದೆ ಸತ್ತಿತು. ಹಾಳೆ ಕೀಳದ ಕೆಲವರ ಫೋನೂ ಕೆಟ್ಟಿತು. ಬಿಡುಗಡೆ ಮುಂದಕ್ಕೆ ಹೋಗಿ, ಹಾಳೆಯ ಅಂಚನ್ನು ಉಗುರಿಗೆ ಸಿಗದಂತೆ ಚೌಕಟ್ಟಿನ ಕೆಳಗೆ ಸೇರಿಸಿ, ಕೀಲಿನ ತುದಿಗಳಿಗೆ ಟೊಪ್ಪಿಗೆ ಹಾಕಿ, ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಿಟ್ಟರು. ಹಾಳೆಗೆ ಕೈಹಚ್ಚದ ನಮ್ಮ ಮಂದಿಯ ಕೈಗೆ ಆ ಮೊದಲ ಫೋನುಗಳನ್ನು ಕೊಟ್ಟಿದ್ದರೆ ಅರ್ಧ ಸಮಸ್ಯೆ ಹುಟ್ಟುತ್ತಲೇ ಇರಲಿಲ್ಲ.

ಅಕ್ಕಪಕ್ಕದ ಮೊಬೈಲ್ ಅಂಗಡಿಯಲ್ಲಿ "ಇದನ್ನ ತಗದು ಹೊಸಾ ಟೆಂಪರ್ಡ್ ಹಾಕ್ತೇನ್ರಿ, ನೂರೈವತ್ತು ರೂಪಾಯಿ" ಅಂದರೆ ಫೋನನ್ನು ಹಿಂದಕ್ಕೆ ತೆಗೆದುಕೊಂಡು ನಿಧಾನವಾಗಿ ಅಂಗಡಿಯಿಂದ ಹೊರಗೆ ಬನ್ನಿ.

3. ರಚನೆ: ಗಾಜು ಮಡಚುವುದು ಹೇಗೆ

ಚಹಾದಂಗಡಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಬಾಯಿಪಾಠ ಮಾಡಿಟ್ಟುಕೊಳ್ಳಿ.

ಹಂಚಿನಿಂದ ಆಗಷ್ಟೇ ಇಳಿಸಿದ ಜೋಳದ ರೊಟ್ಟಿ ನಾಲ್ಕು ಮಡಿಕೆ ಹಾಕಿದರೂ ಸುಮ್ಮನಿರುತ್ತದೆ; ಅದೇ ರೊಟ್ಟಿ ಕಟಕ್ ಆದ ಮೇಲೆ ಬೆರಳು ತಾಗಿಸಿದರೆ ಸಾಕು, ಲಟಕ್. ಗಾಜು ಹುಟ್ಟಿನಿಂದಲೇ ಕಟಕ್ ರೊಟ್ಟಿ. ಅದನ್ನು ಮೆತ್ತಗೆ ಮಾಡುವ ಉಪಾಯ ಯಾರಿಗೂ ಸಿಕ್ಕಿಲ್ಲ. ಸಿಕ್ಕಿದ್ದು ತೆಳ್ಳಗೆ ಮಾಡುವ ಉಪಾಯ.

ಯಾವುದೇ ಪಟ್ಟಿಯನ್ನು ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವಿನ ಒಂದು ಮಟ್ಟ ಮಾತ್ರ ಹಿಗ್ಗದೆ ಕುಗ್ಗದೆ ಉಳಿಯುತ್ತದೆ. ಹೊರಮೈ ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ: ಪಟ್ಟಿಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. ಬಾಗಿನ ತ್ರಿಜ್ಯ ಒಂದೂವರೆ ಮಿಲಿಮೀಟರ್ ಎಂದು ಹಿಡಿಯೋಣ. ಅರ್ಧ ಮಿಲಿಮೀಟರ್ ದಪ್ಪದ ಸಾದಾ ಗಾಜಾದರೆ ಹೊರಮೈ ಶೇಕಡಾ 17ರಷ್ಟು ಹಿಗ್ಗಬೇಕು. ಅದಕ್ಕೆ ಬಹಳ ಮೊದಲೇ ಚೂರಾಗಿರುತ್ತದೆ. 2020ರ ಗ್ಯಾಲಕ್ಸಿ ಝಡ್ ಫ್ಲಿಪ್‌ನಲ್ಲಿ ಬಂದ ಅತಿ ತೆಳು ಗಾಜಿನ ದಪ್ಪ 30 ಮೈಕ್ರಾನ್. ಅದಕ್ಕೆ ಬೀಳುವ ಹಿಗ್ಗು ಬರೀ ಶೇಕಡಾ 1. ಆ ಗಾಜಿಗೆ ಅಷ್ಟನ್ನು ತಡೆಯುವ ಶಕ್ತಿಯಿದೆ.

ತಡೆಯಲಾರದ್ದು ಚುಚ್ಚುವುದನ್ನು. ಅಷ್ಟು ತೆಳುವಾದದ್ದು ಬಾಗುತ್ತದೆ, ಆದರೆ ಒಂದೇ ಬಿಂದುವಿನ ಮೇಲೆ ಒತ್ತಡ ಬಿದ್ದರೆ ಒಡೆಯುತ್ತದೆ. ಅದಕ್ಕೇ ಗಾಜಿನ ಮೇಲೆ ಪ್ಲಾಸ್ಟಿಕ್ ಪದರದ ಹೊದಿಕೆ. ನೀವು ಮುಟ್ಟುವುದು ಆ ಪ್ಲಾಸ್ಟಿಕ್ಕನ್ನು. ಉಗುರಿನ ಗೀರು ಬೀಳುವುದೂ ಅದರ ಮೇಲೆಯೇ. ಎರಡನೆಯ ಅಧ್ಯಾಯದಲ್ಲಿ ಕೀಳಬೇಡಿ ಎಂದದ್ದು ಯಾವುದನ್ನು ಎಂದು ಈಗ ಗೊತ್ತಾಯಿತು.

ನಡುವಿನ ಗೆರೆಯ ಬಗ್ಗೆ: ಅದು ದೋಷವಲ್ಲ, ಪ್ಲಾಸ್ಟಿಕ್ ಮತ್ತು ಅಂಟಿನ ಪದರಗಳು ಬಾಗಿ ಬಾಗಿ ಸ್ವಲ್ಪ ಹಾಗೆಯೇ ನಿಂತುಬಿಟ್ಟ ಗುರುತು. ಈಚಿನ ಮಾದರಿಗಳ ಕೀಲು ಪರದೆಯನ್ನು ಒಳಗೆ ನೀರಹನಿಯ ಆಕಾರದಲ್ಲಿ ಸುತ್ತಲು ಬಿಡುತ್ತದೆ. ಬಾಗು ಅಗಲವಾದಷ್ಟೂ ಗೆರೆ ತಿಳಿಯಾಗುತ್ತದೆ. ಎದುರಿನಿಂದ ನೋಡಿದರೆ ಕಾಣುವುದಿಲ್ಲ. ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತು ಇಣುಕುವವರಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ, ಅವರು ಅದನ್ನು ಹೇಳದೆ ಬಿಡುವುದೂ ಇಲ್ಲ.

4. ದಿನಕ್ಕೆ ಎಷ್ಟು ಸಲ ಮಡಚಬಹುದು

ಮಡಚುವ ಫೋನಿನ ಆಯುಷ್ಯವನ್ನು ಕಂಪನಿಗಳು ವರ್ಷಕ್ಕಿಂತ ಮೊದಲು ಮಡಿಕೆಯಲ್ಲಿ ಹೇಳುತ್ತವೆ. ಮೊದಲ ತಲೆಮಾರಿಗೆ ಸ್ಯಾಮ್‌ಸಂಗ್ ಹೇಳಿದ್ದು 2,00,000 ಸಲ. ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 110. ಫೋಲ್ಡ್ 7ರ ಕಾಲಕ್ಕೆ ಪರದೆಯ ಪರೀಕ್ಷೆ 5,00,000ಕ್ಕೆ ಏರಿತು. ಹತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ 137. ಯಂತ್ರ ಇದನ್ನು ಮಾಡಿದ್ದು 25 ಡಿಗ್ರಿ ಸೆಲ್ಸಿಯಸ್ ಹಿತವಾದ ಹವೆಯಲ್ಲಿ, 13 ದಿನಗಳಲ್ಲಿ. ಏಪ್ರಿಲ್ ತಿಂಗಳಲ್ಲಿ ಗೋಕಾಕದ ಬಸ್ ನಿಲ್ದಾಣದಲ್ಲಿ ಅಂಥ ಹವೆ ಬೆಳಗಿನ ಮೊದಲ ಬಸ್ಸಿನ ಜೊತೆಗೇ ಹೊರಟುಹೋಗಿರುತ್ತದೆ.

ಹೊರಗಿನವರ ಪರೀಕ್ಷೆಗಳೂ ಇವೆ. ಸಿನೆಟ್ ಎಂಬ ಅಮೆರಿಕದ ಮಾಧ್ಯಮ ಸಂಸ್ಥೆ 2019ರಲ್ಲಿ ಗ್ಯಾಲಕ್ಸಿ ಫೋಲ್ಡನ್ನು ಮಡಚುವ ಯಂತ್ರಕ್ಕೆ ಹಾಕಿತು. ಸುಮಾರು 1,20,000 ಮಡಿಕೆಗೆ ಅದು ಕೈಕೊಟ್ಟಿತು. 2020ರಲ್ಲಿ ಅದೇ ಯಂತ್ರಕ್ಕೆ ಸಿಕ್ಕ ಮೋಟೊರೋಲಾ ರೇಜರ್ ಸುಮಾರು 27,000ಕ್ಕೇ ಸರಿಯಾಗಿ ಮುಚ್ಚಲು ನಿರಾಕರಿಸಿತು. ಆ ಯಂತ್ರ ನಮ್ಮ ಫೋನಿಗೆ ತಕ್ಕದ್ದಲ್ಲ ಎಂದು ಮೋಟೊರೋಲಾ ಆಕ್ಷೇಪಿಸಿತು. ನ್ಯಾಯವಾದ ಮಾತು. ಮೂಡಲಗಿಯ ಸಂತೆಯಲ್ಲಿ ಫೋನನ್ನು ತೆಗೆದು ನೋಡುವ ಕೈಗಳೂ ಯಾವ ಫೋನಿಗೂ ತಕ್ಕವಲ್ಲ.

ಕಂಪನಿಯ ಲೆಕ್ಕ ತಪ್ಪುವುದು ಇಲ್ಲಿಯೇ. ಅವರು ಫೋನಿಗೆ ಒಬ್ಬನೇ ಯಜಮಾನ ಎಂದು ಹಿಡಿದಿದ್ದಾರೆ. ನಮ್ಮಲ್ಲಿ ಫೋನಿಗೆ ಯಜಮಾನ ಒಬ್ಬ, ನೋಡುಗರು ಊರು ತುಂಬ. "ಎಲ್ಲಿ, ತಗದು ತೋರಸ್ರಿ" ಎಂದರೆ ಒಲ್ಲೆ ಅನ್ನಲಾಗುವುದಿಲ್ಲ. ನೋಡಿದವ ತಾನೂ ಒಮ್ಮೆ ಮುಚ್ಚಿ ತೆಗೆಯುತ್ತಾನೆ, ಪಕ್ಕದವನಿಗೆ ಕೊಡುತ್ತಾನೆ. ಕೊನೆಗೆ ಒಬ್ಬ ಅದನ್ನು ಹಿಂದಕ್ಕೂ ಮಡಚಲು ನೋಡುತ್ತಾನೆ. ಹಿಂದಕ್ಕೆ ಮಡಚುವುದು ಕಂಪನಿಯ ಲೆಕ್ಕದಲ್ಲಿ ಸೇರಿಲ್ಲ. ಮಡಿಕೆಯನ್ನು ಕಂಪನಿ ಎಣಿಸಿಕೊಟ್ಟಿದೆ, ಉಳಿದದ್ದನ್ನೆಲ್ಲ ನೀವೇ ಎಣಿಸಬೇಕು. ಅಂಥವು ಯಾವುವೆಂದು ಮುಂದಿನ ಮೂರು ಅಧ್ಯಾಯಗಳು ಹೇಳುತ್ತವೆ.

ಶಿಫಾರಸು: ಮೊದಲ ತಿಂಗಳು ಎರಡು ಫೋನು ಇಟ್ಟುಕೊಳ್ಳಿ. ಹಳೆಯದು ಕೆಲಸಕ್ಕೆ, ಹೊಸದು ತೋರಿಸುವುದಕ್ಕೆ.

5. ಧೂಳು: ಭಂಡಾರದ ಅಧ್ಯಾಯ

ಫೋಲ್ಡ್ 7ರ ದರ್ಜೆ ಐಪಿ48. ಮೊದಲ ಅಂಕಿ ಘನವಸ್ತುವಿಗೆ, ಎರಡನೆಯದು ನೀರಿಗೆ. 4 ಎಂದರೆ ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪನೆಯ ವಸ್ತು ಒಳಗೆ ಹೋಗದು ಎಂದು ಅರ್ಥ. ಪರೀಕ್ಷೆಯಲ್ಲಿ ಒಂದು ಮಿಲಿಮೀಟರ್ ತಂತಿಯಿಂದ ಚುಚ್ಚಿ ನೋಡುತ್ತಾರೆ.

ಈಗ ಗೋಕಾಕದ ಮಹಾಲಕ್ಷ್ಮೀ ಜಾತ್ರೆಗೋ ಚಿಂಚಲಿ ಮಾಯಕ್ಕನ ಜಾತ್ರೆಗೋ ಹೋಗಿ ನಿಲ್ಲಿ. ಭಂಡಾರ, ಅಂದರೆ ಅರಿಷಿಣದ ಪುಡಿ, ಹಾರುತ್ತದೆ. ರಸ್ತೆ, ತಲೆ, ಅಂಗಿ, ಎತ್ತಿನ ಕೊಂಬು ಎಲ್ಲ ಹಳದಿ. ಅರಿಷಿಣದ ಪುಡಿಯ ಒಂದು ಕಣವೂ ಒಂದು ಮಿಲಿಮೀಟರ್ ದಪ್ಪ ಇರುವುದಿಲ್ಲ. ಇದ್ದರೆ ಅದು ಪುಡಿಯಾಗುವುದು ಹೇಗೆ? ಅಂದರೆ ಕಂಪನಿಯ ಪ್ರಮಾಣಪತ್ರ ಭಂಡಾರಕ್ಕೆ ಬಾಗಿಲು ತೆರೆದಿಟ್ಟೇ ಬರೆದದ್ದು. ಕಬ್ಬಿನ ರವದಿ ಸುಟ್ಟಾಗ ಹಾರುವ ಕರಿ, ಸಂಕೇಶ್ವರದ ಮೆಣಸಿನಕಾಯಿ ರಾಶಿಯ ಹತ್ತಿರದ ಕೆಂಪು ಪುಡಿ, ಟ್ರ್ಯಾಕ್ಟರ್ ಡಬ್ಬಿಯ ಹಿಂದಿನ ಕರಿಮಣ್ಣಿನ ದೂಳು, ಎಲ್ಲಕ್ಕೂ ಇದೇ ನ್ಯಾಯ.

ದೂಳು ಸೇರುವ ಜಾಗ ಕೀಲು. ಸಾದಾ ಫೋನಿನಲ್ಲಿ ಕೀಲೇ ಇಲ್ಲ; ಇಲ್ಲಿ ಪುಟ್ಟ ಹಲ್ಲುಚಕ್ರಗಳು, ಕ್ಯಾಮ್‌ಗಳು, ಸ್ಪ್ರಿಂಗುಗಳು ಇವೆ. ಸ್ಯಾಮ್‌ಸಂಗ್ 2020ರ ಝಡ್ ಫ್ಲಿಪ್‌ನ ಕೀಲಿನೊಳಗೆ ನೈಲಾನ್ ಎಳೆಗಳ ಸಣ್ಣ ಕುಂಚ ಕೂರಿಸಿತು, ಮಡಚಿದಾಗಲೆಲ್ಲ ದೂಳನ್ನು ಹೊರಗೆ ಗುಡಿಸಲೆಂದು. 2025ರಲ್ಲಿ ಗೂಗಲ್‌ನ ಪಿಕ್ಸೆಲ್ 10 ಪ್ರೊ ಫೋಲ್ಡ್ ಮಡಚುವ ಫೋನುಗಳಲ್ಲಿ ಮೊದಲ ಬಾರಿಗೆ ಐಪಿ68 ಪಡೆಯಿತು. 6 ಎಂದರೆ ದೂಳು ಒಳಗೆ ಹೋಗದು. ಜಾತ್ರೆ ತಪ್ಪಿಸದವರು ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮೊದಲು ಈ ಅಂಕಿ ಕೇಳಬೇಕು.

ದೂಳಿಗಿಂತ ದೊಡ್ಡ ಅಪಾಯ ತಿನಿಸಿನ ಚೂರು. ಗೋಕಾಕದ ಕರದಂಟಿನಲ್ಲಿ ಬೆಲ್ಲ, ತುಪ್ಪ, ಹುರಿದ ಅಂಟು, ಒಣಕೊಬ್ಬರಿ, ಗೋಡಂಬಿ, ಬದಾಮಿ ಇರುತ್ತವೆ. ತುಪ್ಪದ ಬೆರಳಿಂದ ಪರದೆ ಮುಟ್ಟಿದರೆ ಒರೆಸಬಹುದು. ಗಟ್ಟಿ ಅಂಟಿನ ಒಂದು ಹರಳು ಎರಡು ಹೋಳುಗಳ ನಡುವೆ ಬಿದ್ದಿರುವಾಗ ಫೋನು ಮುಚ್ಚಿದರೆ ಒರೆಸಲು ಏನೂ ಉಳಿಯುವುದಿಲ್ಲ. ಅಡಕೆ ಚೂರು, ಶೇಂಗಾ ಸಿಪ್ಪೆಗೂ ಇದೇ ಎಚ್ಚರಿಕೆ. ಮುಚ್ಚುವ ಮುನ್ನ ಒಮ್ಮೆ ಊದಿ. ಬಾಯಲ್ಲಿ ಎಲೆ-ಅಡಕೆ ಇದ್ದರೆ ಊದಬೇಡಿ.

6. ನೀರು: ಫಾಲ್ಸ್‌ನಲ್ಲಿ ಬಳಸುವ ಕ್ರಮ

ಎರಡನೆಯ ಅಂಕಿಯಾದ 8ರ ಮಟ್ಟಿಗೆ ಸುದ್ದಿ ಒಳ್ಳೆಯದು. ಸ್ಯಾಮ್‌ಸಂಗ್ ಲೆಕ್ಕದಲ್ಲಿ ಒಂದೂವರೆ ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ಇದ್ದರೂ ಬದುಕುತ್ತದೆ. ಪರೀಕ್ಷೆ ನಡೆಯುವುದು ನಿಂತ, ತಿಳಿ ನೀರಿನಲ್ಲಿ. ಜುಲೈ-ಆಗಸ್ಟ್‌ನಲ್ಲಿ ಗೋಕಾಕ ಫಾಲ್ಸ್‌ಗೆ ಬರುವ ಘಟಪ್ರಭೆ ನಿಂತದ್ದೂ ಅಲ್ಲ, ತಿಳಿಯೂ ಅಲ್ಲ; ಮೇಲಿನ ಮಣ್ಣನ್ನೆಲ್ಲ ಕಲಸಿಕೊಂಡು 52 ಮೀಟರ್ ಕೆಳಕ್ಕೆ ಬೀಳುತ್ತದೆ. ಆ ತುಂತುರು ಒಣಗಿದ ಮೇಲೆ ಕೀಲಿನಲ್ಲಿ ಉಳಿಯುವುದು ಮಣ್ಣು, ಅಂದರೆ ನೀವು ಮತ್ತೆ ಐದನೆಯ ಅಧ್ಯಾಯಕ್ಕೆ ಬಂದಿರಿ.

ತೂಗುಸೇತುವೆಯ ಬಳಿ ಸೆಲ್ಫಿಗೆ ಫೋನನ್ನು ಪೂರ್ತಿ ತೆರೆದು ಕೈ ಚಾಚಬೇಡಿ. ತೆರೆದ ಫೋಲ್ಡ್ 7 ಅಗಲವಾಗಿ, ಬರೀ 4.2 ಮಿಲಿಮೀಟರ್ ತೆಳುವಾಗಿರುತ್ತದೆ. ಗಾಳಿಗೆ ಹಿಡಿತ ಸಿಗುತ್ತದೆ, ನಿಮಗೆ ಸಿಗುವುದಿಲ್ಲ. ಅರ್ಧ ಮಡಚಿ ಕಲ್ಲಿನ ಮೇಲೆ ನಿಲ್ಲಿಸಿ, ದೂರ ಸರಿದು ಅಂಗೈ ತೋರಿಸಿ. ಅದೇ ಫೋಟೊ ತೆಗೆಯುತ್ತದೆ. ಧೂಪದಾಳದ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಕ್ರೌಂಚಗಳ ಮುಂದೆ ಸ್ಟ್ಯಾಂಡಿಲ್ಲದೆ ಗಂಟೆಗಟ್ಟಲೆ ವಿಡಿಯೊ ಹಿಡಿಯಲೂ ಇದೇ ಭಂಗಿ. ಮಡಚುವಿಕೆಯಿಂದ ಸಿಗುವ ನಿಜವಾದ ಲಾಭಗಳಲ್ಲಿ ಇದೊಂದು.

7. ಚಾರ್ಜಿಂಗ್: ಹುಕ್ಕೇರಿ ಗ್ರಾಹಕರಿಗೆ ವಿಶೇಷ ಸೂಚನೆ

ಮಡಚುವ ಫೋನಿನಲ್ಲಿ ಬ್ಯಾಟರಿ ಒಂದಲ್ಲ, ಎರಡು. ಹೋಳಿಗೊಂದು. ಎರಡೂ ಕೂಡಿ ಒಂದರಂತೆ ಕೆಲಸ ಮಾಡುತ್ತವೆ. ಹುಕ್ಕೇರಿಯವರಿಗೆ ಈ ಸಹಕಾರವನ್ನು ವಿವರಿಸಬೇಕಾಗಿಲ್ಲ. 1969ರಲ್ಲಿ ದೇಶದಲ್ಲಿ ಪ್ರಯೋಗವಾಗಿ ಹುಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು ಇಲ್ಲಿಯದು. ಇಡೀ ಕರ್ನಾಟಕದಲ್ಲಿ ಕರೆಂಟು ಹಂಚುವ ಸಹಕಾರ ಸಂಘ ಇದೊಂದೇ. ಉಳಿದ ಕಡೆ ಫೋನು ಚಾರ್ಜ್ ಆಗದಿದ್ದರೆ ಹೆಸ್ಕಾಂ ಅಥವಾ ಬೆಸ್ಕಾಂ ಅನ್ನು ಬೈಯಬಹುದು. ಇಲ್ಲಿ ಸದಸ್ಯರಾದವರು ಸ್ವಲ್ಪ ತಮ್ಮನ್ನೂ ಬೈದುಕೊಳ್ಳಬೇಕು.

ಎರಡು ಬ್ಯಾಟರಿಯಾದರೂ ಒಟ್ಟು ಹೆಚ್ಚೇನಿಲ್ಲ. ಫೋಲ್ಡ್ 7ರಲ್ಲಿ 4,400 ಎಂಎಎಚ್. ಹತ್ತು-ಹನ್ನೆರಡು ಸಾವಿರದ ಸಾದಾ ಫೋನುಗಳಲ್ಲೇ 5,000 ಇರುತ್ತದೆ. ತೆಳ್ಳಗಾಗಬೇಕೆಂಬ ಆಸೆಗೆ ಕೊಟ್ಟ ಬೆಲೆ ಇದು. ಕುಲಗೋಡದ ತಮ್ಮಣ್ಣ, ಕೌಜಲಗಿಯ ನಿಂಗಮ್ಮನಂಥವರು ಬೆಳೆಸಿದ ಶ್ರೀಕೃಷ್ಣ ಪಾರಿಜಾತ ಬೆಳಗಿನವರೆಗೆ ನಡೆಯುವ ಆಟ. ದೊಡ್ಡ ಪರದೆ ತೆರೆದಿಟ್ಟು ಪೂರ್ತಿ ರೆಕಾರ್ಡ್ ಮಾಡುತ್ತೇನೆ ಎಂದು ಕೂತರೆ ಬೆಳಗಾಗುವ ಹೊತ್ತಿಗೆ ಆಟದ ಸತ್ಯಭಾಮೆ ಎಚ್ಚರವಿರುತ್ತಾಳೆ, ಫೋನು ಇರುವುದಿಲ್ಲ. ಪವರ್‌ಬ್ಯಾಂಕ್ ಒಯ್ಯಿರಿ.

ಹೋಳುಗಳನ್ನು ಹಿಡಿದಿಡುವುದು ಅಯಸ್ಕಾಂತ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇದನ್ನು ಅಂಗಿಯ ಎದೆಕಿಸೆಯಲ್ಲಿ ಇಡಬಾರದು. ಇದು ತಮಾಷೆಯ ಸೂಚನೆಯಲ್ಲ. ಕಂಪನಿಗಳೂ ಇದನ್ನೇ ಹೇಳುತ್ತವೆ.

8. ಉಪಯೋಗಗಳು

ಸಿನಿಮಾ: ದೊಡ್ಡ ಪರದೆ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಇದೇ, ನಿರಾಸೆಯೂ ಇಲ್ಲೇ. ಒಳಪರದೆ ಹೆಚ್ಚುಕಡಿಮೆ ಚೌಕ. ಸಿನಿಮಾ ಅಗಲ. ಎಂಟು ಇಂಚಿನ ಪರದೆಯ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿದ್ದು ಮೂರನೇ ಒಂದಕ್ಕಿಂತ ಹೆಚ್ಚು ಜಾಗ ಖಾಲಿ ಉಳಿಯುತ್ತದೆ. ಚಿತ್ರ ಸಾದಾ ಫೋನಿಗಿಂತ ದೊಡ್ಡದೇ, ಕೊಟ್ಟ ದುಡ್ಡಿನಷ್ಟು ದೊಡ್ಡದಲ್ಲ.

ಉತಾರ: ಚೌಕ ಪರದೆ ಸಾರ್ಥಕವಾಗುವುದು ಕಾಗದಪತ್ರದಲ್ಲಿ. 2000ದಲ್ಲಿ ಭೂಮಿ ಯೋಜನೆ ಬಂದು ಉತಾರ, ಅಂದರೆ ಪಹಣಿ, ಕಂಪ್ಯೂಟರಿಗೆ ಏರಿತು. ಈಗ ಫೋನಿನಲ್ಲೇ ಸಿಗುತ್ತದೆ. ಆದರೆ ಆ ಕೋಷ್ಟಕ ಅಡ್ಡಕ್ಕೆ ಅಗಲ. ಸಾದಾ ಫೋನಿನಲ್ಲಿ ಸರ್ವೆ ನಂಬರ್ ನೋಡಿ ಬೆರಳು ಎಳೆಯುತ್ತಾ ಗುಂಟೆಯ ಕಾಲಮ್ಮಿಗೆ ಬರುವಷ್ಟರಲ್ಲಿ ಯಾವ ಹೆಸರಿನ ಸಾಲಿನಲ್ಲಿದ್ದೆವು ಎಂಬುದೇ ಮರೆತಿರುತ್ತದೆ. ಒಳಪರದೆಯಲ್ಲಿ ಅಣ್ಣತಮ್ಮಂದಿರ ಹೆಸರು, ಹಿಸ್ಸಾ, ಎಕರೆ-ಗುಂಟೆ, ಬ್ಯಾಂಕಿನ ಬೋಜಾ ಎಲ್ಲ ಒಂದೇ ನೋಟಕ್ಕೆ ಕಾಣುತ್ತವೆ. ಇದರಿಂದ ಮನೆಯಲ್ಲಿ ನೆಮ್ಮದಿ ಹೆಚ್ಚುತ್ತದೆ ಎಂದು ಮಾತ್ರ ಈ ಕೈಪಿಡಿ ಭರವಸೆ ಕೊಡುವುದಿಲ್ಲ.

ಲೆಕ್ಕ: ಪರದೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಕಾರ್ಖಾನೆಯ ತೂಕದ ಚೀಟಿಯ ಫೋಟೊ, ಬಲಕ್ಕೆ ಕ್ಯಾಲ್ಕುಲೇಟರ್. ಚೀಟಿ ನೋಡಿ, ಅಂಕಿ ನೆನಪಿಟ್ಟು, ಆಚೆ ಹೋಗಿ ಒತ್ತುವ ಕಷ್ಟವಿಲ್ಲ.

ಓದು: ಕನ್ನಡಕ್ಕೆ ಒತ್ತಕ್ಷರಗಳಿವೆ, ಅವು ಸಾಲಿನ ಕೆಳಗೆ ಕೂರುತ್ತವೆ. ನಲವತ್ತೈದು ದಾಟಿದ ಕಣ್ಣಿಗೆ ಸಣ್ಣ ಪರದೆಯ ಇ-ಪೇಪರಿನಲ್ಲಿ ಮೊದಲು ಮಾಯವಾಗುವುದು ಅವೇ. ಒಳಪರದೆ ತೆರೆದಾಗ ಅವು ಮರಳಿ ಬರುತ್ತವೆ. ಈ ಕೈಪಿಡಿಯ ಪ್ರಕಾರ ಮಡಚುವ ಫೋನಿಗೆ ಅತ್ಯಂತ ಯೋಗ್ಯ ಗ್ರಾಹಕ ಜಾಹೀರಾತಿನಲ್ಲಿ ಕುಣಿಯುವ ಹುಡುಗನಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತಿರುವ ಅವನ ಅಪ್ಪ.

9. ತೊಂದರೆ ಮತ್ತು ಪರಿಹಾರ

ತೆರೆದರೆ ಕರಕರ ಸದ್ದು ಬರುತ್ತದೆ: ಜಾತ್ರೆಗೆ ಹೋಗಿದ್ದಿರಿ. ಎಣ್ಣೆ ಬಿಡಬೇಡಿ. ಹೊಲಿಗೆ ಯಂತ್ರದ್ದಾಗಲಿ, ಕೊಬ್ಬರಿಯದಾಗಲಿ. ಎಣ್ಣೆ ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ನಡುಗೆರೆಯ ಮೇಲಿನ ಹಾಳೆಯಲ್ಲಿ ಗುಳ್ಳೆ ಎದ್ದಿದೆ: ಅದು ಕಾಲಾಂತರದಲ್ಲಿ ಆಗುವಂಥದ್ದೇ. ಒತ್ತಿ ಕೂರಿಸಲು ಹೋಗಬೇಡಿ, ಕಂಪನಿಯವರಿಂದಲೇ ಬದಲಾಯಿಸಿಕೊಳ್ಳಿ.

ಒಳಪರದೆಯಲ್ಲಿ ಕಪ್ಪು ಕಲೆ ದಿನದಿನಕ್ಕೆ ಬೆಳೆಯುತ್ತಿದೆ: ಚೂರು ಸಿಕ್ಕಿ ಪರದೆ ಒಡೆದಿದೆ. ಅದೇ ದಿನ ಫೋಟೊ, ಕಾಗದಪತ್ರಗಳ ಪ್ರತಿ ತೆಗೆದಿಟ್ಟುಕೊಳ್ಳಿ. ಹೊರಪರದೆ ಆಗಲೂ ನಡೆಯುತ್ತಿರುತ್ತದೆ. ಫೋಲ್ಡ್‌ಗೆ ಎರಡು ಪರದೆ ಇರುವುದರ ಕಹಿಯಾದ ಪ್ರಯೋಜನ ಇದು.

ಎಲ್ಲರೂ ಬೆಲೆ ಕೇಳುತ್ತಾರೆ: ಸೆಕೆಂಡ್ ಹ್ಯಾಂಡ್ ಎನ್ನಿ.

ಯಾರೂ ಬೆಲೆ ಕೇಳುತ್ತಿಲ್ಲ: ಫೋನು ಹಳೆಯದಾಗಿದೆ. ಇನ್ನು ನೆಮ್ಮದಿಯಿಂದ ಬಳಸಿ.

10. ಖಾತರಿ

ಸಾದಾ ಫೋನಿನ ಪರದೆ ಒಡೆದರೆ ಗೋಕಾಕದ ಪೇಟೆಯಲ್ಲಿ ಮಧ್ಯಾಹ್ನದೊಳಗೆ ಹೊಸದು ಕೂರಿಸಿಕೊಡುವ ಹುಡುಗರಿದ್ದಾರೆ. ಒಳ್ಳೆಯ ಕೈ ಅವರದು. ಮಡಚುವ ಪರದೆಯಲ್ಲಿ ಮಾತ್ರ ಗಾಜು, ಪ್ಲಾಸ್ಟಿಕ್, ಅಂಟು, ಕೀಲು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಅದನ್ನು ಒಟ್ಟಾಗಿಯೇ ಬದಲಿಸಬೇಕು, ಅದಕ್ಕೆ ಒಂದು ಒಳ್ಳೆಯ ಸಾದಾ ಫೋನಿನ ಬೆಲೆ ತೆರಬೇಕು. ಪೆಟ್ಟು, ಚೂರು, ದೂಳಿನಿಂದಾದ ಹಾನಿಗೆ ಸಾಮಾನ್ಯ ಖಾತರಿ ಅನ್ವಯಿಸುವುದಿಲ್ಲ. ಪ್ರಯೋಗಾಲಯ ಎಣಿಸಿದ ಐದು ಲಕ್ಷ ಮಡಿಕೆ ಮುಗಿಯುವವರೆಗೆ ಇಲ್ಲಿ ಯಾವ ಫೋನೂ ಬದುಕುವುದಿಲ್ಲ. ಮಡಿಕೆಯಿಂದ ಸಾಯುವ ಸುಖ ಅದರ ಹಣೆಯಲ್ಲಿ ಬರೆದಿಲ್ಲ. ಕೊಲ್ಲುವುದು ಪುಡಿ, ಚೂರು, ಮಂದಿಯ ಕೈ, ಮತ್ತು ರಿಪೇರಿಯ ದೂರ.

ಆದ್ದರಿಂದ ದುಡ್ಡು ಎಣಿಸುವ ಮೊದಲು ಅಂಗಡಿಯಲ್ಲಿ ನಿಂತು ಮೂರು ಪ್ರಶ್ನೆ ಕೇಳಿ. ಐಪಿ ಎಂದ ಮೇಲಿನ ಮೊದಲ ಅಂಕಿ ಎಷ್ಟು? ಒಳಪರದೆ ಹೋದರೆ ಬದಲಿಸುವುದು ಎಲ್ಲಿ, ಎಷ್ಟು ದಿನಕ್ಕೆ, ಎಷ್ಟಕ್ಕೆ? ಆಕಸ್ಮಿಕ ಹಾನಿಯ ವಿಮೆ ಇದೆಯೇ, ಎಷ್ಟು ವರ್ಷಕ್ಕೆ? ಮೂರಕ್ಕೂ ಬಾಯಿಮಾತಲ್ಲದ, ಬರೆದುಕೊಟ್ಟ ಉತ್ತರ ಸಿಕ್ಕರೆ, ದಿನವೂ ಓದುವ ಕಾಗದ ನಿಮ್ಮ ಬಳಿ ಇದ್ದರೆ, ಕೊಳ್ಳಿ. ಕೆಲಸಕ್ಕೆ ಬರುವ ವಸ್ತುವೇ. ಒಂದಕ್ಕಾದರೂ "ಅದೆಲ್ಲಾ ಏನಾಗಂಗಿಲ್ರಿ, ಬಿಡ್ರಿ" ಎಂಬ ಉತ್ತರ ಬಂದರೆ ಹದಿನೈದು ಸಾವಿರದ ಸಾದಾ ಫೋನು ತೆಗೆದುಕೊಂಡು ಮನೆಗೆ ಹೋಗಿ. ಉಳಿದ ದುಡ್ಡು ತೆಗೆದಿಡಿ. ಬೇಸಿಗೆಗೆ ಬೋರಿನ ಮೋಟರು ಸುಡುತ್ತದೆ, ಅದನ್ನು ರಿವೈಂಡ್ ಮಾಡುವವನು ನಿಮ್ಮ ಊರಲ್ಲೇ ಇದ್ದಾನೆ.